ಹತ್ತೊಂಬತ್ತನೆಯ ಫಾರಮ್ಮು

ಜೂನ್ ೩, ಸೋಮವಾರ

ವರ್ಷ ಅರ್ಧ ಮುಗಿಯುವ ಹೊತ್ತಿಗೆ ದಿನಚರಿ ಶುರು ಮಾಡುವವನು ನಾನೊಬ್ಬನೇ ಇರಬೇಕು. ಅಳಿಯ ಜನವರಿಯಲ್ಲೇ ಈ ಪುಸ್ತಕ ಕೊಟ್ಟು, ಮಾವ, ಮನಸ್ಸಿಗೆ ಬಂದದ್ದು ಬರೀರಿ ಅಂದಿದ್ದ. ಏನೂ ಬರಲಿಲ್ಲ, ಬರೆಯಲಿಲ್ಲ. ಇವತ್ತು ಬಂದಿದೆ.

ಮೊದಲು ಬ್ಯಾಕ್‌ಗ್ರೌಂಡ್. ಬಿ.ಎ.ಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು, ಯಾವ ಪ್ರಶ್ನೆ ಬಂದರೂ ಮೊದಲು ಒಂದು ಪುಟ ಬ್ಯಾಕ್‌ಗ್ರೌಂಡ್ ಬರೀರಿ, ಉತ್ತರ ಗೊತ್ತಿಲ್ಲದಿದ್ದರೂ ಪಾಸಾಗ್ತೀರಿ ಅನ್ನುತ್ತಿದ್ದರು. ನಾನು ಹಾಗೇ ಪಾಸಾದವನು. ಆಮೇಲೆ ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ಅಂತ ಊರಿಗೆಲ್ಲ ಹೇಳಿದೆ. ನಿವೃತ್ತಿಯಾಯಿತು. ಇವಳು, ನನ್ನ ಹೆಂಡತಿ, ಹೋಗಿ ಎರಡು ವರ್ಷವಾಯಿತು. ಈಗ ಮಗಳ ಮನೆಯಲ್ಲಿದ್ದೇನೆ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಎಂಟಕ್ಕೆಲ್ಲ ಹೊರಟುಬಿಡುತ್ತಾಳೆ. ಅಳಿಯ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬಿಡಿಸುತ್ತಾನೆ. ಅಡುಗೆಯೂ ಅವನದೇ. ಅವನು ಸೌಟು ಹಿಡಿದಾಗ ನಾನು ಎದ್ದು ಬಾಲ್ಕನಿಗೆ ಹೋಗುತ್ತೇನೆ. ಗಂಡಸಿನ ಮಾನ ಅಂತ ಒಂದಿರುತ್ತದಲ್ಲ, ಅವನಿಗೆ ಚಿಂತೆಯಿಲ್ಲದಿದ್ದರೆ ನಾನಾದರೂ ಕಾಪಾಡಬೇಕು.

ಬಾಲ್ಕನಿಯ ಕುರ್ಚಿಯಲ್ಲಿ ಎರಡು ವರ್ಷ ಕೂತು ಗಂಟಲಿಗೆ ತುಕ್ಕು ಹಿಡಿದಿದೆ. ಮೊನ್ನೆ ಯಾರೋ ಫೋನ್ ಮಾಡಿದಾಗ ಹಲೋ ಅನ್ನಲು ಹೋದರೆ ಬರೀ ಗಾಳಿ ಬಂತು. ಈ ದನಿಗೆ ನಾನೂರು ಜನ ಒಟ್ಟಿಗೆ ಎದ್ದು ಓಡುತ್ತಿದ್ದರು, ಈಗ ಬೆಕ್ಕೂ ತಿರುಗಿ ನೋಡುವುದಿಲ್ಲ.

ಅಳಿಯ ಏನನ್ನೋ ಬೈಂಡಿಂಗ್ ಮಾಡಿಸಲು ಹೋದಾಗ ಅಲ್ಲಿನ ಬಾಗಿಲ ಮೇಲೆ ಒಂದು ಚೀಟಿ ನೋಡಿ ಬಂದ. "ಓದುವವರು ಬೇಕು. ಗಂಟಲು ಗಟ್ಟಿ ಇರಬೇಕು. ಸಂಬಳವಿಲ್ಲ, ಟೀ ಇದೆ." ನಾಳೆ ಹೋಗುತ್ತೇನೆ.

ಜೂನ್ ೪, ಮಂಗಳವಾರ

ಹೋದೆ. ಕೆಳಗೆ ಮಾಲೀಕರು ಮತ್ತು ಕಾಗದ ಕತ್ತರಿಸುವ ಯಂತ್ರ. ಮೇಲೆ ಉದ್ದನೆಯ ಒಂದೇ ಕೋಣೆ, ನಾಲ್ಕು ಕಿಟಕಿ, ಏಳು ಹೆಂಗಸರು. ಅಲ್ಲಿ ಎಲ್ಲವೂ ಕೈಕೆಲಸ. ಲೈಬ್ರರಿಯಲ್ಲಿ ಓದಿ ಓದಿ ಬೆನ್ನು ಮುರಿದ ಪುಸ್ತಕಗಳು ಇಲ್ಲಿಗೆ ಬರುತ್ತವೆ. ಬಿಚ್ಚಿ, ಹರಿದದ್ದಕ್ಕೆ ತೇಪೆ ಹಾಕಿ, ಮತ್ತೆ ಹೊಲಿದು, ಹೊಸ ರಟ್ಟು ಕಟ್ಟಿ ಕಳಿಸುತ್ತಾರೆ. ಹದಿನಾರು ಪುಟದ ಒಂದೊಂದು ಮಡಿಕೆಗೆ ಫಾರಮ್ಮು ಅನ್ನುತ್ತಾರೆ. ಫಾರಮ್ಮಿನ ಅಡಿಯಲ್ಲಿ ಸಣ್ಣ ನಂಬರು ಇರುತ್ತದೆ, ಆ ನಂಬರು ನೋಡಿ ಹೊಲಿಯುತ್ತಾ ಹೋಗುತ್ತಾರೆ, ಒಳಗಿನದನ್ನು ಓದುವುದಕ್ಕೆ ಪುರುಸೊತ್ತಿಲ್ಲ. ಅದಕ್ಕೇ ಓದುವವರು ಬೇಕು. ಹನ್ನೊಂದು ವರ್ಷ ಒಬ್ಬ ಟೀಚರಮ್ಮ ಓದುತ್ತಿದ್ದರಂತೆ, ಈಗ ತಂಗಿಯ ಊರಿಗೆ ಹೋದರಂತೆ.

ಎಲ್ಲರಿಗಿಂತ ಹಿರಿಯವಳಿಗೆ ದೊಡ್ಡಕ್ಕ ಅನ್ನುತ್ತಾರೆ. ಅರವತ್ತರ ಆಸುಪಾಸು, ಕನ್ನಡಕಕ್ಕೆ ಬೈಂಡಿಂಗ್ ದಾರವನ್ನೇ ಕಟ್ಟಿಕೊಂಡಿದ್ದಾಳೆ. ಆಕೆ ನನಗೆ ಎರಡು ನಿಯಮ ಹೇಳಿದಳು. ಒಂದು, ಆರು ವಾರ ಪರೀಕ್ಷೆ. ಕೊನೆಯ ಶನಿವಾರ ಏಳು ಜನವೂ ಖಾಲಿ ಗೋಂದಿನ ಡಬ್ಬಕ್ಕೆ ಒಂದೊಂದು ತುಂಡು ದಾರ ಹಾಕುತ್ತಾರೆ. ಬಿಳಿ ಅಂದರೆ ಇರಿ, ಕಪ್ಪು ಅಂದರೆ ಹೊರಡಿ. ಎರಡು, ಓದುವಾಗ ಯಾರಾದರೂ ಸೂಜಿ ಎತ್ತಿದರೆ ಅಲ್ಲೇ ನಿಲ್ಲಿಸಬೇಕು. ಯಾಕೆ ಎಂದು ಕೇಳಿದೆ. ರಿಪೇರಿಗೆ ಅಂದಳು.

ಅರ್ಥವಾಗಲಿಲ್ಲ. ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತೆ. ಸಿಕ್ಕಿದ ಪುಸ್ತಕ ನೋಡಿ ಖುಷಿಯಾಯಿತು. ಕಾಲೇಜಿನಲ್ಲಿ ನಾವೆಲ್ಲ ಕೈಯಿಂದ ಕೈಗೆ ಕಿತ್ತುಕೊಂಡು ಓದಿದ ಪ್ರೇಮ ಕಾದಂಬರಿ. ನಾಯಕಿ ಟೈಪಿಸ್ಟು, ನಾಯಕ ಅವಳ ಆಫೀಸಿನ ಮೇಲಧಿಕಾರಿ. ಅವನ ಮಾತಿಗೆ ಎದೆಯಿಂದ ದನಿ ತೆಗೆದೆ. ಅವಳ ಮಾತಿಗೆ ಮೂಗಿನಿಂದ, ಸಣ್ಣಗೆ, ಅಳುವ ಹಾಗೆ. ಹೆಂಗಸರ ಪಾತ್ರವನ್ನು ಹಾಗೇ ಓದಬೇಕು, ಸಿನಿಮಾದಲ್ಲಿ ನೋಡಿಲ್ಲವೇ.

ಒಂಬತ್ತನೆಯ ಪುಟದಲ್ಲಿ ನಾಯಕಿ ಮೂರ್ಛೆ ಹೋದಳು. ಸೂಜಿ ಮೇಲೆ ಬಂತು. ಎತ್ತಿದವಳು ಅಲ್ಲಿ ಎಲ್ಲರಿಗಿಂತ ಚಿಕ್ಕವಳು. ಎಲ್ಲದಕ್ಕೂ ವಾದ ಹೂಡುತ್ತಾಳೆ ಅಂತ ವಕೀಲಮ್ಮ ಅನ್ನುತ್ತಾರೆ.

"ಸಾರ್, ಅವಳು ಬೆಳಗ್ಗೆ ತಿಂಡಿ ತಿಂದಿದ್ಲಾ?"

ಕಾದಂಬರಿಯಲ್ಲಿ ಅದನ್ನೆಲ್ಲ ಬರೆಯುವುದಿಲ್ಲ, ಹೀರೋಯಿನ್ ಈಸ್ ಎ ಡೆಲಿಕೇಟ್ ಕ್ರೀಚರ್ ಎಂದೆ. ಅವರಿಗೆ ಅರ್ಥವಾಗಲಿ ಅಂತ ಕನ್ನಡದಲ್ಲೂ ಹೇಳಿದೆ. ಏಳೂ ಜನ ನಕ್ಕರು. ಆಮೇಲೆ ಎಲ್ಲ ಸೇರಿ ತೀರ್ಮಾನ ಮಾಡಿದರು, ಅವಳು ತಿಂಡಿ ತಿಂದಿರಲಿಲ್ಲ, ಹಾಗಾಗಿ ತಲೆ ಸುತ್ತಿತು, ಕೂತು ಎರಡು ಬಾಳೆಹಣ್ಣು ತಿಂದಳು, ಸರಿಹೋಯಿತು. ಕಾಗದ ಮಡಿಸುವ ಮೂಳೆಪಟ್ಟಿಯಿಂದ ಮೇಜು ಕುಟ್ಟಿದರೆ ರಿಪೇರಿ ಪಾಸಾದ ಹಾಗೆ. ಕುಟ್ಟಿದರು. ಆ ಪುಟವನ್ನು ಬಾಳೆಹಣ್ಣು ಸೇರಿಸಿ ಮತ್ತೆ ಓದಬೇಕಾಯಿತು. ನಾಯಕ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುವ ಭಾಗ ಹೋಯಿತು. ನನಗೆ ಅದೇ ಇಷ್ಟವಾಗಿತ್ತು.

ಮೂರೂವರೆಗೆ ಟೀ ಬರುತ್ತದೆ ಅಂತ ಕಾದೆ. ಯಾರೂ ತಂದುಕೊಡಲಿಲ್ಲ. ಮೂಲೆಯಲ್ಲಿ ಸ್ಟವ್ ಇದೆ, ತಾವೇ ಹೋಗಿ ಬಗ್ಗಿಸಿಕೊಳ್ಳಬೇಕಂತೆ.

ಏನೇ ಆಗಲಿ, ಈ ಆರು ವಾರ ದಾಟಬೇಕು. ಆ ಬಾಲ್ಕನಿಗೆ ನಾನು ವಾಪಸು ಹೋಗುವುದಿಲ್ಲ.

ಜೂನ್ ೭, ಶುಕ್ರವಾರ

ಇಲ್ಲಿಯವರೆಗೆ ಮೂರ್ಛೆ ನಾಲ್ಕು. ವಕೀಲಮ್ಮ ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಾಳೆ. ನಾಯಕ ಯಾವಾಗ ನೋಡಿದರೂ ಕೋಟು ಹಾಕುತ್ತಾನೆ ಇಲ್ಲವೇ ಬಿಚ್ಚುತ್ತಾನೆ. ಹಾಗಾಗಿ ಅವನಿಗೆ ಕೋಟು ಅಂತಲೇ ಹೆಸರಾಗಿದೆ. ನಾಯಕಿಗೆ ನಮ್ಮ ಹುಡುಗಿ ಅನ್ನುತ್ತಾರೆ, ನಾಳೆ ಬಂದು ಪಕ್ಕದಲ್ಲಿ ಕೂತು ರಟ್ಟು ಅಂಟಿಸುವವಳ ಹಾಗೆ.

ನನಗೂ ಒಂದು ಹೆಸರು ಬಿದ್ದಿದೆ. ಪ್ರೇಮಪತ್ರದ ಭಾಗವನ್ನು ಓದುತ್ತಿದ್ದೆ. "ನನ್ನ ಪ್ರಾಣವೇ, ಸಂಜೆ ಆರಕ್ಕೆ ಸೇತುವೆಯ ಬಳಿ ನಿನಗಾಗಿ ಕಾಯುತ್ತೇನೆ." ಓದಿ ಮುಗಿಸುವಷ್ಟರಲ್ಲಿ ಅಭ್ಯಾಸಬಲದಿಂದ ಸಂಜೆ ಆರಕ್ಕೆ ಅನ್ನುವುದನ್ನು ಎರಡು ಸಲ ಹೇಳಿದ್ದೆ, ಎರಡನೆಯ ಸಲ ನಿಧಾನವಾಗಿ. ಪ್ರಯಾಣಿಕರ ಗಮನಕ್ಕೆ, ಅಂತ ಹಿಂದಿನಿಂದ ಯಾರೋ ಸೇರಿಸಿದರು. ಅರ್ಧ ಗಂಟೆ ಕೆಲಸ ನಿಂತಿತು. ಅವತ್ತಿನಿಂದ ನಾನು ಮೈಕಣ್ಣ. ಬಿ.ಎ. ಆದವನಿಗೆ ಕನಿಷ್ಠ ಸಾರ್ ಅನ್ನಬೇಡವೇ? ಹೇಳಲು ಬಾಯಿ ತೆರೆದೆ, ದಾರದ ಡಬ್ಬ ನೆನಪಾಯಿತು, ಮುಚ್ಚಿಕೊಂಡೆ.

ಟೀ ಮಾಡುವುದೂ ಸರದಿಯ ಪ್ರಕಾರವಂತೆ. ಇವತ್ತು ನನ್ನದು. ಆ ಟೀ ಕುಡಿದು ದೊಡ್ಡಕ್ಕ ಇದರಲ್ಲಿ ರಟ್ಟು ಅಂಟಿಸಬಹುದು ಅಂದಳು.

ಜೂನ್ ೧೨, ಬುಧವಾರ

ಇವತ್ತು ನೂರ ನಲವತ್ತನೆಯ ಪುಟ. ನಾನು ಕಾಯುತ್ತಿದ್ದ ಪುಟ. ಕಾಲೇಜಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ, ಹಾಸ್ಟೆಲಿನಲ್ಲಿ ಗೋಡೆಗೆ ಒರಗಿ ಗೆಳೆಯರಿಗೆ ಅಭಿನಯಿಸಿ ತೋರಿಸಿದ್ದೆ. ಕೋಟಿಗೆ ಅನುಮಾನ ಬರುತ್ತದೆ, ಅವಳ ಕೆನ್ನೆಗೆ ಹೊಡೆಯುತ್ತಾನೆ. ಅವಳು ಅವನ ಕೈ ಹಿಡಿದುಕೊಂಡು, ಕಣ್ಣೀರಿನ ನಡುವೆ ನಗುತ್ತಾ, ನಿಮ್ಮ ಕೈಗೆ ನೋವಾಯಿತೇ ಎಂದು ಕೇಳುತ್ತಾಳೆ. ಅಲ್ಲಿಂದಲೇ ಪ್ರೇಮ ಶುರು. ನಾನು ಎಷ್ಟು ಚೆನ್ನಾಗಿ ಓದಿದೆನೆಂದರೆ ಕೊನೆಗೆ ನನಗೇ ಕಣ್ಣೀರು ಬಂತು. ಕಣ್ಣೊರೆಸಿಕೊಂಡು ತಲೆಯೆತ್ತಿದೆ.

ಏಳೂ ಕೈ ಮೇಲಿದ್ದವು.

ಯಾರೂ ನಗಲಿಲ್ಲ. ಮೂಲೆಯಲ್ಲಿ ಗೋಂದು ಹಚ್ಚುವ ಹೆಂಗಸು ಒಬ್ಬಳಿದ್ದಾಳೆ, ಗೋಂದಮ್ಮ. ಒಂದು ವಾರದಲ್ಲಿ ಅವಳ ಬಾಯಿಂದ ಒಂದು ಮಾತು ಕೇಳಿರಲಿಲ್ಲ. ಸೂಜಿಯ ಕೆಲಸವಿಲ್ಲದ್ದರಿಂದ ಅವಳು ಎತ್ತಿದ್ದು ಕುಂಚ. ಅದರಿಂದ ಗೋಂದು ತೊಟ್ಟಿಕ್ಕುತ್ತಿತ್ತು.

"ಅವನ ಕೈ ನೋವು ಕೇಳಿದ್ಲಲ್ಲ ಮೈಕಣ್ಣ, ಅವಳ ಹಲ್ಲು ಅಲ್ಲಾಡ್ತಿದ್ದದ್ದು ಯಾರಾದ್ರೂ ಕೇಳಿದ್ರಾ?"

ಅದು ಹಲ್ಲಿನ ವಿಷಯವಲ್ಲ, ಭಾವನೆಯ ವಿಷಯ, ಇಂಗ್ಲಿಷ್‌ನಲ್ಲಿ ಇದಕ್ಕೊಂದು ಪದವಿದೆ ಅನ್ನಲು ಹೋದೆ. ಪದ ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ. ಗೋಂದಮ್ಮ ಎಡಗೆನ್ನೆಯನ್ನು ಒಳಗಿನಿಂದ ನಾಲಿಗೆಯಲ್ಲಿ ತಡವಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು. ಆಮೇಲೆ ಆ ಪದವನ್ನು ಹುಡುಕುವ ಮನಸ್ಸಾಗಲಿಲ್ಲ.

ರಿಪೇರಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಅವಳು ಅವನಿಗೆ ತಿರುಗಿಸಿ ಹೊಡೆಯಲಿ ಅಂದಳು ವಕೀಲಮ್ಮ. ಬೇಡ, ಟೈಪ್ ಮಾಡಲಿ ಅಂದಳು ದೊಡ್ಡಕ್ಕ. ನಮ್ಮ ಹುಡುಗಿ ತನ್ನ ಮೇಜಿಗೆ ಹೋಗಿ, ಕಾಗದ ಸಿಕ್ಕಿಸಿ, ನಡೆದದ್ದನ್ನು ಮೂರು ಪ್ರತಿಗಳಲ್ಲಿ ಟೈಪ್ ಮಾಡಿ ಕೋಟಿನ ಮೇಲಧಿಕಾರಿಗೆ ಒಂದು ಕೊಟ್ಟಳು, ಒಂದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಳು, ಒಂದನ್ನು ತನ್ನ ಬಳಿ ಇಟ್ಟುಕೊಂಡಳು. ಕುಟ್ಟಿದರು. ಮೇಜು ಮುರಿಯುತ್ತದೆ ಅಂದುಕೊಂಡೆ.

ನಲವತ್ತು ವರ್ಷದಿಂದ ಬಾಯಿಪಾಠವಿದ್ದ ಪುಟ ಅದು. ಸಂಜೆ ನಡೆದು ಬರುವಾಗ ನೆನಪಿಸಿಕೊಳ್ಳಲು ನೋಡಿದರೆ ನೋಟಿಸ್ ಬೋರ್ಡೇ ಬರುತ್ತದೆ.

ಜೂನ್ ೧೩, ಗುರುವಾರ

ಗಂಟಲು ಸರಿಯಿಲ್ಲ. ಹೆಣ್ಣಿನ ದನಿ ತೆಗೆಯಲಾಗಲಿಲ್ಲ, ಅವಳ ಮಾತುಗಳನ್ನೂ ನನ್ನ ದನಿಯಲ್ಲೇ ಓದಿದೆ. ಯಾರೂ ಆಕ್ಷೇಪಿಸಲಿಲ್ಲ. ನಮ್ಮ ಹುಡುಗಿ ಇವತ್ತು ಯಾಕೋ ಜಾಣೆಯ ಹಾಗೆ ಕೇಳಿಸಿದಳು.

ಜೂನ್ ೧೮, ಮಂಗಳವಾರ

ಗಂಟಲು ಸರಿಹೋಗಿದೆ. ಆದರೂ ಹಾಗೇ ಓದುತ್ತಿದ್ದೇನೆ. ಸುಮ್ಮನೆ ಯಾಕೆ ಆಯಾಸ.

ಬೆಳಗ್ಗೆ ಅಳಿಯ ತರಕಾರಿ ಹೆಚ್ಚುತ್ತಿದ್ದ. ಪಕ್ಕದಲ್ಲಿ ನಿಂತು, ಟೀಗೆ ಪುಡಿ ಮೊದಲೋ ಹಾಲು ಮೊದಲೋ ಕೇಳಿ ತಿಳಿದುಕೊಂಡೆ. ಕುದಿಯುವವರೆಗೆ ಸುಮ್ಮನೆ ನಿಲ್ಲುವುದೇಕೆ ಅಂತ ಒಂದಿಷ್ಟು ಬೀನ್ಸ್ ಮುರಿದೆ. ಇವತ್ತಿನ ಟೀಗೆ ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಏನೂ ಅನ್ನದಿರುವುದೇ ಫಸ್ಟ್ ಕ್ಲಾಸ್.

ಟೀ ಹೊತ್ತಿನಲ್ಲಿ ವಕೀಲಮ್ಮ, ಮನೆಯವರಿಗೂ ಹೀಗೇ ಓದಿ ಹೇಳ್ತಿದ್ರಾ ಮೈಕಣ್ಣ ಅಂತ ಕೇಳಿದಳು. ಇವಳಿಗೆ ಓದಿನ ಗೀಳಿರಲಿಲ್ಲ ಎಂದೆ. ಎಲ್ಲರಿಗೂ ಹಾಗೇ ಹೇಳುತ್ತೇನೆ. ಹೇಳಿದ ಮೇಲೆ ಬಾಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಈಗ ಬರೆಯಲು ಕೂತಾಗ ಗೊತ್ತಾಗುತ್ತಿದೆ. ಮಗಳು ಹುಟ್ಟಿದ ಹೊಸತರಲ್ಲಿ, ಅವಳ ಬಟ್ಟೆ ಹೊಲಿಯುತ್ತಾ ಇವಳು ಒಂದು ಸಲ ಅಂದಿದ್ದಳು, ಊರಿಗೆಲ್ಲ ಹೇಳ್ತೀರಿ, ನನಗೂ ಏನಾದ್ರೂ ಓದಿ ಹೇಳಿ, ಕೈ ಕೆಲಸದಲ್ಲಿದೆ, ಕಿವಿ ಖಾಲಿ ಇದೆ. ದಿನವಿಡೀ ಕೂಗಿ ಬಂದಿದ್ದೇನೆ, ರಿಟೈರಾದ ಮೇಲೆ ಓದುತ್ತೇನೆ ಎಂದಿದ್ದೆ. ಮತ್ತೆ ಕೇಳಿದಳೋ ಇಲ್ಲವೋ. ಕೇಳಿರಬೇಕು, ಇನ್ನೆರಡು ಸಲ.

ಓದಿನ ಗೀಳಿರಲಿಲ್ಲ ಎನ್ನುವ ವಾಕ್ಯಕ್ಕೆ ರಿಪೇರಿ ಬೇಕು. ನಾಳೆ ವಕೀಲಮ್ಮನಿಗೆ ಹೇಳಬೇಕು.

ಜೂನ್ ೨೦, ಗುರುವಾರ

ಅನಾಹುತ. ಕೊನೆಯ ಫಾರಮ್ಮೇ ಇಲ್ಲ. ಇನ್ನೂರ ಎಂಬತ್ತೆಂಟನೆಯ ಪುಟದಲ್ಲಿ, ನಮ್ಮ ಹುಡುಗಿಯ ಕೈಯಲ್ಲಿ ಬಡ್ತಿಯ ಪತ್ರ, ಬೇರೆ ಊರಿನಲ್ಲಿ ಇಡೀ ಆಫೀಸು ನೋಡಿಕೊಳ್ಳುವ ಕೆಲಸ, ಬಾಗಿಲ ಸದ್ದು, ಅವಳು ಚಿಲಕ ತೆಗೆದಳು, ಎದುರಿಗೆ. ಅಷ್ಟೇ. ಮುಂದಿನ ಹದಿನಾರು ಪುಟ ಯಾವ ಕಾಲದಲ್ಲೋ ಉದುರಿ ಹೋಗಿವೆ. ಬೇರೆ ಪ್ರತಿ ಇಲ್ಲವಂತೆ. ಹತ್ತೊಂಬತ್ತನೆಯ ಫಾರಮ್ಮಿನ ಜಾಗಕ್ಕೆ ಖಾಲಿ ಹಾಳೆ ಸೇರಿಸಿ ಹೊಲಿಯಿರಿ ಅಂತ ಲೈಬ್ರರಿಯವರೇ ಚೀಟಿ ಇಟ್ಟಿದ್ದಾರೆ.

ನನಗೆ ಕೊನೆ ಗೊತ್ತು ಎಂದೆ. ಎಲ್ಲರೂ ಕೆಲಸ ಬಿಟ್ಟು ತಿರುಗಿದರು. ಎದುರಿಗೆ ಕೋಟು, ಅವಳು ಪತ್ರ ಹರಿದು ಅವನ ಕಾಲಿಗೆ ಬೀಳುತ್ತಾಳೆ, ಮದುವೆ, ಶುಭಂ. ಹೇಳುತ್ತಾ ಹೇಳುತ್ತಾ ದನಿ ತಾನಾಗಿಯೇ ಇಳಿಯಿತು. ನಾನೇ ಎಂದೆ, ಅದು ಸರಿಬರುವುದಿಲ್ಲ, ಅಲ್ಲವೇ?

ಆಮೇಲಿನ ಗದ್ದಲ ಬರೆದು ಮುಗಿಯುವಂಥದ್ದಲ್ಲ. ಕೋಟಿನ ಮುಖಕ್ಕೇ ಬಾಗಿಲು ಹಾಕಲಿ ಅಂದಳು ವಕೀಲಮ್ಮ. ಹೊಸ್ತಿಲವರೆಗೆ ಬಂದವನನ್ನು ಹಾಗೆ ಕಳಿಸೋದು ಬೇಡ, ಒಳಗೆ ಕರೆದು ಕೂರಿಸಿ, ನಾನು ಊಟ ಮುಗಿಸಿ ಮಾತಾಡ್ತೀನಿ ಅನ್ನಲಿ, ಅವಳು ಬಿಸಿಯಾಗಿ ಊಟ ಮಾಡಿದ್ದು ಈ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ ಅಂದಳು ದೊಡ್ಡಕ್ಕ. ಗೋಂದಮ್ಮ, ಅವಳು ಪೆಟ್ಟಿಗೆ ತುಂಬುವಾಗ ಅವನು ಪಾತ್ರೆ ತೊಳೀಲಿ ಅಂದಳು. ಅದಕ್ಕೆ ಮೇಜು ಕುಟ್ಟಿದ ಸದ್ದಿಗೆ ಕೆಳಗಿನಿಂದ ಮಾಲೀಕರು ಓಡಿ ಬಂದರು.

ಬಸ್ಸಿನ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು. ಬೆಳಗಿನ ಐದೂ ಮುಕ್ಕಾಲಿನದು, ನಾಲ್ಕನೆಯ ಅಂಕಣ, ಮುಂದಿನಿಂದ ಎರಡನೆಯ ಸೀಟು, ಬಿಸಿಲು ಬೀಳದ ಕಡೆ.

ಜೂನ್ ೨೧, ಶುಕ್ರವಾರ

ಅವರು ಹೇಳಿದರು, ನಾನು ಬರೆದೆ. ಸೋಮವಾರ ಒಟ್ಟಿಗೆ ಓದಬೇಕಲ್ಲ. ಮಡಿಸಿದರೆ ಪುಸ್ತಕದ ಅಳತೆಗೆ ಬರುವ ಒಂದು ದೊಡ್ಡ ಹಾಳೆ ತೆಗೆದುಕೊಂಡೆ. ದೊಡ್ಡಕ್ಕ ಮಡಿಸುವುದನ್ನು ಮೂರು ವಾರದಿಂದ ನೋಡುತ್ತಿದ್ದೇನೆ. ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಪ್ರತಿ ಸಲ ಮೂಳೆಪಟ್ಟಿಯಿಂದ ಒತ್ತಿ ಎಳೆಯಬೇಕು. ಮೊದಲ ಎರಡು ಹಾಳೆ ಹಾಳಾದವು. ಮೂರನೆಯದು ಸರಿಯಾಗಿ ಹದಿನಾರು ಪುಟವಾಗಿ ಕೂತಿತು. ಅಚ್ಚಿನ ಅಕ್ಷರಕ್ಕೆ ಸಮನಾಗಿ ದುಂಡಗೆ ಬರೆದೆ. ಪುಟಸಂಖ್ಯೆ ಹಾಕಿದೆ. ಹುಮ್ಮಸ್ಸಿನಿಂದ ಅಡಿಯಲ್ಲಿ ಫಾರಮ್ಮಿನ ನಂಬರು ೧೯ ಎಂದೂ ಹಾಕಿದೆ.

ಕೊನೆಯಲ್ಲಿ ಕೋಟು ಬಸ್ ನಿಲ್ದಾಣಕ್ಕೆ ಬರುತ್ತಾನೆ, ಕೋಟಿಲ್ಲದೆ. ತೋಳು ಮಡಚಿದ್ದಾನೆ, ಕೈ ಇನ್ನೂ ಒದ್ದೆ. ನಾನೂ ಬರಲೇ ಅನ್ನುತ್ತಾನೆ. ಅಲ್ಲೊಂದು ಕೆಲಸ ಹುಡುಕಿಕೊಂಡು ಬಾ, ಆಮೇಲೆ ನೋಡೋಣ ಅನ್ನುತ್ತಾಳೆ. ಬಸ್ಸು ಹೊರಡುತ್ತದೆ. ಅವಳು ತಿರುಗಿ ನೋಡುತ್ತಾಳೋ ಇಲ್ಲವೋ ಎಂಬುದರ ಮೇಲೆ ಒಂದು ಗಂಟೆ ಜಗಳವಾಯಿತು. ನೋಡುವುದಿಲ್ಲ, ಕಿಟಕಿಯಿಂದ ಮುಂದಿನ ರಸ್ತೆ ಕಾಣುತ್ತಿದೆ, ಅದನ್ನು ನೋಡುತ್ತಾಳೆ ಅಂತ ತೀರ್ಮಾನವಾಯಿತು.

ಜೂನ್ ೨೪, ಸೋಮವಾರ

ಓದಿದೆ. ಎರಡು ಸಲ ಓದಿಸಿದರು. ಮಾಲೀಕರೂ ಮೆಟ್ಟಿಲ ಮೇಲೆ ನಿಂತು ಕೇಳಿದರು. ಹಾಳೆ ಮುದುರದಿರಲಿ ಅಂತ ದೊಡ್ಡಕ್ಕನ ಮೇಜಿನ ಮೇಲೆ ಫಾರಮ್ಮುಗಳ ಅಡಿಯಲ್ಲಿ ಇಟ್ಟು ಬಂದೆ. ಬಿ.ಎ. ಪಾಸಾದ ದಿನವೂ ಇಷ್ಟು ಹಗುರಾಗಿ ನಡೆದಿರಲಿಲ್ಲ.

ಜೂನ್ ೨೭, ಗುರುವಾರ

ನನ್ನ ಹಾಳೆ ಕಾಣಿಸುತ್ತಿಲ್ಲ. ರದ್ದಿಗೆ ಹೋಗಿರಬೇಕು. ಪುಸ್ತಕ ನಿನ್ನೆಯೇ ಹೊಸ ಕ್ಯಾಲಿಕೋ ಬಟ್ಟೆ ಹೊದ್ದು ಲೈಬ್ರರಿಗೆ ಹೋಯಿತು. ಹೊಸ ಕಾದಂಬರಿ ಶುರು ಮಾಡಿದ್ದೇವೆ. ಇದರಲ್ಲಿ ನಾಯಕಿ ಬಾವಿಗೆ ಹಾರಲು ಹೊರಟಿದ್ದಾಳೆ. ತಡೆದು ನಿಲ್ಲಿಸಿದ್ದೇವೆ.

ಜುಲೈ ೮, ಸೋಮವಾರ

ರದ್ದಿಗೆ ಹೋಗಿರಲಿಲ್ಲ.

ಹನ್ನೊಂದು ಗಂಟೆಗೆ ಲೈಬ್ರರಿ ಮೇಡಂ ಬಂದರು. ಮೂವತ್ತೈದಿರಬಹುದು, ಇಸ್ತ್ರಿ ಮುರಿಯದ ಸೀರೆ, ನಗು ಅನ್ನುವುದನ್ನು ಮನೆಯಲ್ಲೇ ಇಟ್ಟು ಬರುವವರು. ಹಿಂದೆಯೇ ಮಾಲೀಕರು, ಒರೆಸಿದ ಕೈಯನ್ನೇ ಒರೆಸುತ್ತಾ. ಇಲ್ಲಿನ ಕೆಲಸದಲ್ಲಿ ಮುಕ್ಕಾಲು ಪಾಲು ಆ ಲೈಬ್ರರಿಯದು. ಮೇಡಂ ನಮ್ಮ ಹುಡುಗಿಯ ಪುಸ್ತಕವನ್ನೂ ಲೈಬ್ರರಿಯ ರಿಜಿಸ್ಟರನ್ನೂ ಮೇಜಿನ ಮೇಲಿಟ್ಟು, ಪುಸ್ತಕದ ಕೊನೆಯ ಪುಟಗಳನ್ನು ತೆರೆದರು. ನನ್ನ ದುಂಡು ಅಕ್ಷರ. ಹೊಲಿಗೆ ಬಿಗಿಯಾಗಿ, ಬಹಳ ಚೆನ್ನಾಗಿ ಬಿದ್ದಿತ್ತು.

ದೊಡ್ಡಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು. ಹದಿನೆಂಟಾದ ಮೇಲೆ ಹತ್ತೊಂಬತ್ತು ಇತ್ತು, ಮಡಿಕೆ ಸರಿಯಿತ್ತು, ಹೊಲಿದೆ ಅಂದಳು. ಮಡಿಕೆ ಸೊಟ್ಟಗಿದ್ದಿದ್ದರೆ ಎಸೆದಿರುತ್ತಿದ್ದಳಂತೆ. ನನ್ನ ಜೀವಮಾನದಲ್ಲಿ ನಾನು ನೆಟ್ಟಗೆ ಮಾಡಿದ ಮೊದಲ ಕೈಕೆಲಸ, ಅದೇ ಕುತ್ತಿಗೆಗೆ ಬಂತು.

ಸಾರ್ವಜನಿಕ ಪುಸ್ತಕದಲ್ಲಿ ಕೈಯಾಡಿಸಿದ್ದಕ್ಕೆ ಯಾರು ಹೊಣೆ ಎಂದರು ಮೇಡಂ. ಮಾಲೀಕರು ನನ್ನತ್ತ ನೋಡಿದರು. ಪರೀಕ್ಷೆಗೆ ಇನ್ನು ಐದು ದಿನ. ಎದ್ದು ನಿಂತೆ. ಸಿನಿಮಾದ ಕೊನೆಯಲ್ಲಿ ನಿಲ್ಲುತ್ತಾರಲ್ಲ, ಎದೆ ಸೆಟೆಸಿ, ಹಾಗೆ.

"ಇವರದೇನೂ ತಪ್ಪಿಲ್ಲ ಮೇಡಂ. ಬರೆದವನು ನಾನು. ಹೊಣೆಯೆಲ್ಲ ನನ್ನದು."

ಚೆನ್ನಾಗಿ ಬಂತು ಅಂದುಕೊಂಡೆ. ಪಕ್ಕಕ್ಕೆ ತಿರುಗಿದರೆ ದೊಡ್ಡಕ್ಕನ ಸೂಜಿ ಮೇಲಿತ್ತು. ಒಂದೊಂದಾಗಿ ಉಳಿದವೂ ಮೇಲೆ ಬಂದವು. ಗೋಂದಿನ ಕುಂಚವೂ ಬಂತು. ನಿಯಮ ನಿಯಮವೇ. ಬಾಯಿ ಮುಚ್ಚಿದೆ.

"ಅದನ್ನ ರಿಪೇರಿ ಮಾಡಿ ಮೈಕಣ್ಣ," ಅಂದಳು ದೊಡ್ಡಕ್ಕ. "ಕೈ ನಿಮ್ಮದು. ಕಥೆ ನಮ್ಮದು."

ನನ್ನ ಕಿವಿ ಕೆಂಪಾದವು. ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಅವರ ಕಥೆಯನ್ನೇ ಎತ್ತಿ ಜೇಬಿಗೆ ಹಾಕಿಕೊಂಡಿದ್ದೆ. ಮತ್ತೆ ಹೇಳಿದೆ, ಈ ಸಲ ಎದೆ ಸೆಟೆಸದೆ, ಮೇಡಂ, ಕಥೆ ಕಟ್ಟಿದ್ದು ಈ ಏಳು ಜನ, ನಾನು ಬರೆದುಕೊಂಡೆ, ಬಸ್ಸಿನ ಸಮಯ ಮಾತ್ರ ನನ್ನದು. ಎಲ್ಲರೂ ಕುಟ್ಟಿದರು. ಮೇಡಂ ಬೆಚ್ಚಿಬಿದ್ದರು.

ಆಮೇಲೆ ಆ ಮೇಡಂ ಕೂತುಕೊಂಡರು. ನೀರು ಕೇಳಿದರು, ನಾನು ಟೀ ಮಾಡಿ ಕೊಟ್ಟೆ. ಫಾರಮ್ಮು ಬಿಚ್ಚಲೇಬೇಕು, ಖಾಲಿ ಹಾಳೆ ಹಾಕಲೇಬೇಕು, ಅದರಲ್ಲಿ ಮಾತಿಲ್ಲ ಅಂದರು. ದೊಡ್ಡಕ್ಕ ಅಲ್ಲೇ ದಾರ ಕತ್ತರಿಸಿದಳು. ಆದರೆ ಅವರು ಏಳಲಿಲ್ಲ. ಹತ್ತು ದಿನದಿಂದ ಲೈಬ್ರರಿಯಲ್ಲಿ ಜನ ಮೊದಲಿನ ಇನ್ನೂರ ಎಂಬತ್ತೆಂಟು ಪುಟ ಬಿಟ್ಟು ಕೊನೆಯ ಹದಿನಾರನ್ನು ಕಪಾಟಿನ ಮುಂದೆ ನಿಂತೇ ಓದುತ್ತಿದ್ದಾರಂತೆ. ಒಬ್ಬರು ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಿದ್ದಾರಂತೆ. ನಾಳೆ ಅವರೆಲ್ಲ ಬಂದು ಕೇಳಿದರೆ ನಾನು ಏನು ಹೇಳಲಿ ಅಂದರು. ಕೊನೆಗೆ ಅವರೇ ಹೇಳಿದರು, ಬಿಚ್ಚಿದ ಫಾರಮ್ಮಿಗೆ ಬೇರೆ ರಟ್ಟು ಹಾಕಿ, ಬೇರೆ ಪುಸ್ತಕ ಮಾಡಿ ಕೊಡಿ, ಆಗ ನಿಯಮಕ್ಕೆ ಅಡ್ಡಿಯಿಲ್ಲ. ಆದರೆ ರಿಜಿಸ್ಟರಿನಲ್ಲಿ ಲೇಖಕರ ಹೆಸರಿನ ಕಾಲಂ ಖಾಲಿ ಬಿಡಲು ಬರುವುದಿಲ್ಲ ಅಂದರು.

ಆ ಕಾಲಂ ಒಂದೂವರೆ ಇಂಚು ಅಗಲ. ಏಳು ಹೆಸರು. ಹೊರಗೆ ಹರಿದು ಪಕ್ಕದ ಎರಡು ಕಾಲಂ ತುಂಬಿದವು. ಗೋಂದಮ್ಮ ತನ್ನದನ್ನು ತಾನೇ ಬರೆಯುತ್ತೇನೆಂದು ಪೆನ್ನು ತೆಗೆದುಕೊಂಡಳು. ಇಪ್ಪತ್ತಾರು ವರ್ಷದಿಂದ ಪುಸ್ತಕಗಳ ಬೆನ್ನಿಗೆ ಹೆಸರು ಅಂಟಿಸುತ್ತಿರುವವಳು, ಬರೆದು ಮುಗಿಸಿ, ಹೊಸ ಲೇಬಲ್ ಮೇಲೆ ಒತ್ತುವ ಹಾಗೆ ಅಂಗೈಯಿಂದ ಅದನ್ನು ಒತ್ತಿದಳು. ಇಂಕು ಹರಡಿತು.

ಮೆಟ್ಟಿಲಿಳಿಯುವಾಗ ಮೇಡಂ ನಿಂತು, ಅವನಿಗೆ ಆ ಊರಿನಲ್ಲಿ ಕೆಲಸ ಸಿಗುತ್ತಾ ಅಂತ ಕೇಳಿದರು. ಇನ್ನೂ ತೀರ್ಮಾನವಾಗಿಲ್ಲ ಅಂದಳು ವಕೀಲಮ್ಮ.

ಜುಲೈ ೧೧, ಗುರುವಾರ

ಮಾಲೀಕರು ನನ್ನ ವಿಷಯ ಎತ್ತಿಲ್ಲ. ಶನಿವಾರ ಹೇಗೂ ದಾರ ಹಾಕ್ತಾರಲ್ಲ, ಅವರೇ ನೋಡ್ಕೊಳ್ಳಲಿ ಅಂದರಂತೆ. ಮೇಲೆ ಏನೋ ಪಿಸುಪಿಸು ನಡೆಯುತ್ತಿದೆ, ನಾನು ಹೋದರೆ ನಿಲ್ಲುತ್ತದೆ. ಇವತ್ತು ಗೋಂದಮ್ಮನ ಕೈಯಲ್ಲಿ ನಮ್ಮ ಹೊಸ ಕಾದಂಬರಿಯ ಒಂದು ಫಾರಮ್ಮು ಇತ್ತು, ನನ್ನನ್ನು ನೋಡಿ ಮೇಜಿನಡಿಗೆ ಸರಿಸಿದಳು. ಮಗಳು, ಅಪ್ಪ, ಯಾಕೆ ಊಟ ಮಾಡ್ತಿಲ್ಲ, ನೀನು ಪರೀಕ್ಷೆಗೆ ಕೂತಿರೋ ಹುಡುಗನ ಹಾಗಾಡ್ತಿದೀಯ ಅಂದಳು. ಹೌದು ಮತ್ತೆ.

ಜುಲೈ ೧೩, ಶನಿವಾರ

ಫೇಲಾದೆ. ಏಳೂ ಕಪ್ಪು.

ಬರೆಯುತ್ತಾ ನಗು ಬರುತ್ತಿದೆ, ಆಗ ಬರಲಿಲ್ಲ. ದೊಡ್ಡಕ್ಕ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಿಳಿ ಎಲ್ಲಾದರೂ ಅಂಟಿಕೊಂಡಿದೆಯೇನೋ ಅಂತ ನಾನು ಡಬ್ಬದೊಳಗೆ ಕಣ್ಣು ಹಾಕಿ ನೋಡಿದೆ. ಇರಲಿಲ್ಲ. ವೆಲ್, ಸೋ ಬಿ ಇಟ್ ಎಂದೆ, ಇಂಗ್ಲಿಷ್‌ನಲ್ಲಿ ಹೇಳಿದರೆ ಗಂಟಲು ನಡುಗುವುದು ತಿಳಿಯುವುದಿಲ್ಲ. ಕನ್ನಡಕದ ಡಬ್ಬಿ ತೆಗೆದುಕೊಂಡು ಚಪ್ಪಲಿ ಹುಡುಕಿದೆ. ಒಂದು ಸಿಕ್ಕಿತು. ಇನ್ನೊಂದು ವಕೀಲಮ್ಮನ ಕಾಲಡಿಯಲ್ಲಿತ್ತು, ಬಿಡುತ್ತಿಲ್ಲ.

"ಓದೋ ಕೆಲಸದಿಂದ ತೆಗೆದಿದೀವಿ ಅಷ್ಟೇ," ಅಂದಳು. "ಮನೆಗೆ ಹೋಗಿ ಅಂದ್ವಾ?"

ಅವರ ಲೆಕ್ಕಾಚಾರವೇ ಬೇರೆ. ಹೆಸರು ಬರೆಸಿಕೊಂಡ ಮೇಲೆ ಓದುವ ಆಸೆ ಹುಟ್ಟಿದೆ. ನಮ್ಮದನ್ನ ನಾವೇ ಓದ್ತೀವಿ, ಒಬ್ಬೊಬ್ಬರು ಒಂದೊಂದು ದಿನ. ಆದರೆ ಓದುವವಳ ಹೊಲಿಗೆಯ ಚೌಕಟ್ಟು ಖಾಲಿ ಬೀಳುತ್ತದೆ, ಕೆಲಸ ನಿಲ್ಲಬಾರದು. ಮೂರನೆಯ ಹಾಳೆಗೇ ಮಡಿಕೆ ಸರಿಯಾಗಿ ಹಾಕಿದವರು ಇವರೊಬ್ಬರೇ, ನನಗೇ ಹನ್ನೆರಡು ಹಾಳೆ ಹಿಡಿದಿತ್ತು ಅಂದಳು ದೊಡ್ಡಕ್ಕ. ಅಂದರೆ ನಾನು ಖಾಲಿ ಬಿದ್ದ ಚೌಕಟ್ಟಿನಲ್ಲಿ ಕೂತು ಹೊಲಿಯಬೇಕು. ಮಾಲೀಕರಿಗೆ ಹೇಳಿ ಒಪ್ಪಿಸಿಯೂ ಆಗಿತ್ತು. ಮತ್ತೆ ಆರು ವಾರ ಪರೀಕ್ಷೆ, ಕೊನೆಗೆ ದಾರ.

ಇದನ್ನು ಸ್ವಲ್ಪ ಮೊದಲೇ ಹೇಳಬಹುದಿತ್ತಲ್ಲ ಎಂದೆ. ನಿಯಮ ನಿಯಮವೇ ಅಂದಳು ವಕೀಲಮ್ಮ, ಚಪ್ಪಲಿ ಬಿಟ್ಟಳು.

ಮನೆಯಲ್ಲಿ ಹೇಳಿದೆ. ಅಳಿಯ ಎದ್ದು ಕೈ ಕುಲುಕಿದ. ಹೊಲಿಯೋಕೆ ಬರುತ್ತಾ ನಿನಗೆ ಅಂತ ಮಗಳು ಕೇಳಿದಳು. ಕಲಿಯಬೇಕು ಎಂದೆ. ಅಂಗಿಯ ಗುಂಡಿ ಕಿತ್ತು ಮತ್ತೆ ಹಾಕಿ ಅಭ್ಯಾಸ ಮಾಡಿದೆ. ನಾಲ್ಕು ಗುಂಡಿ ಆಯಿತು. ಒಂದನ್ನು ತೋಳಿಗೆ ಸೇರಿಸಿ ಹೊಲಿದಿದ್ದೇನೆ.

ಜುಲೈ ೧೫, ಸೋಮವಾರ

ಬೆರಳಿಗೆ ಮೂರು ಕಡೆ ಚುಚ್ಚಿದೆ, ಬರೆಯುವುದು ಕಷ್ಟ. ಚುಟುಕಾಗಿ.

ಮೊದಲ ಸರದಿ ಗೋಂದಮ್ಮನದು. ಸ್ಟೂಲಿನ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತಳು. ಬೆರಳಿಟ್ಟು, ಒಂದೊಂದೇ ಪದ, ಒತ್ತಕ್ಷರಕ್ಕೆ ತಡವರಿಸುತ್ತಾ. ಅವಳ ದನಿ ನನ್ನದರ ಕಾಲು ಭಾಗವೂ ಇಲ್ಲ. ಆದರೆ ಅವಳು ಓದುವಾಗ ಕೋಣೆ ತಾನಾಗಿಯೇ ಹತ್ತಿರಕ್ಕೆ ಬರುತ್ತದೆ. ಎಲ್ಲರೂ ಸೂಜಿಯ ಸದ್ದನ್ನೂ ಇಳಿಸಿದ್ದರು.

ದೊಡ್ಡಕ್ಕನ ಪಕ್ಕದವಳು ಗೋಂದಿಗೆ ಹೋದಳು, ಅವಳ ಚೌಕಟ್ಟು ನನ್ನದು. ಸೂಜಿ ಒಳಗಿನಿಂದ ಹೊರಗೆ, ಬೆನ್ನಿನ ಹುರಿಯ ಸುತ್ತ, ಮತ್ತೆ ಒಳಗೆ. ಹೊಲಿಯುತ್ತಾ ಕೇಳುತ್ತಿದ್ದೆ. ಅರವತ್ತನಾಲ್ಕು ವರ್ಷಕ್ಕೆ ನನಗೆ ಯಾರಾದರೂ ಕಥೆ ಓದಿ ಹೇಳಿದ್ದು ಇದೇ ಮೊದಲು. ಈ ಕಥೆಯ ಹುಡುಗಿ ಬಾವಿ ಬಿಟ್ಟು ಈಜು ಕಲಿಯಲು ಹೊರಟಿದ್ದಾಳೆ. ನೀರಿಗೆ ಕಾಲಿಟ್ಟಳು. ಗೋಂದಮ್ಮ ಮುಂದಿನ ಪದವನ್ನು ಕೂಡಿಸಿಕೊಳ್ಳುತ್ತಾ ನಿಂತಳು, ನಾನು ಬಾಯಿ ತೆರೆದುಕೊಂಡು ಕಾಯುತ್ತಾ ಕೂತೆ, ಆಮೇಲೆ, ಆಮೇಲೆ ಅಂತ. ಕೈ ಎಲ್ಲಿದೆ ಎಂಬುದೇ ಮರೆತುಹೋಯಿತು.

ಐದನೆಯ ಫಾರಮ್ಮು ತಲೆಕೆಳಗಾಗಿ ಹೊಲಿದಿದ್ದೆ. ದೊಡ್ಡಕ್ಕ ನೋಡಿ, ಕತ್ತರಿಯನ್ನು ನನ್ನತ್ತ ತಳ್ಳಿದಳು. ಬಿಚ್ಚಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ.